ಆರನೆಯ ಪುಟದ ಕೆಳಗಿನ ಅರ್ಧ

ಇದನ್ನು ಹೇಳಹೊರಟಿರುವುದಕ್ಕೆ ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಕಂಪ್ಯೂಟರಿನ ಹೊಟ್ಟೆಯೊಳಗಿನ ಸಂಗತಿ ಇದರಲ್ಲಿ ಬರುತ್ತದೆ. ಅದನ್ನು ಅರೆದು ಕುಡಿದವರು ಓದಿದರೆ ಅಲ್ಲಲ್ಲಿ ಹುಬ್ಬು ಗಂಟಿಕ್ಕಬಹುದು. ಅದಕ್ಕಿಂತ ದೊಡ್ಡ ಅಳುಕು ಇನ್ನೊಂದಿದೆ. ಒಬ್ಬ ಹೆಂಗಸು ಅಳಿಸಿಬಿಡಿ ಎಂದು ಕೇಳಿಕೊಂಡ ಮಾತಿನ ಸುತ್ತಲೇ ಈ ಕಥೆ ಇರುವುದು. ಅಳಿಸಬೇಕಾದ್ದರ ಬಗ್ಗೆ ಮತ್ತೆ ಬರೆಯುವುದು ಸರಿಯೇ ಎಂದು ಬಹಳ ದಿನ ಯೋಚಿಸಿದರೂ ಸಮಾಧಾನದ ಉತ್ತರ ಸಿಗಲಿಲ್ಲ. ಮಾತು ಯಾವುದರ ಬಗ್ಗೆ ಎಂದಷ್ಟೇ ಹೇಳಿ, ಆಡಿದ ಮಾತನ್ನು ಹೇಳದೆ ಬಿಡಬಹುದಲ್ಲ ಎಂಬ ಒಂದೇ ಧೈರ್ಯದ ಮೇಲೆ ಶುರುಮಾಡಿದ್ದಾಗಿದೆ.

ಚಪ್ಪಲಿ ರಿಪೇರಿ ಅಂಗಡಿಯೊಂದರ ಮೇಲೆ ಎರಡು ಕೋಣೆಗಳ ಕಂಪನಿ ಇತ್ತು. ಮೆಟ್ಟಿಲು ಹತ್ತುವಾಗ ಅಂಟಿನ ವಾಸನೆ ಮೂಗಿಗೆ ಬಡಿಯುತ್ತಿತ್ತು, ಮೇಲೆ ಹೋದರೆ ಬೆಸುಗೆಯ ವಾಸನೆ. ಅಲ್ಲಿ ಕೆಲಸ ಮಾಡುತ್ತಿದ್ದವರು ಮೂವರೇ. ಅವರು ತಯಾರಿಸುತ್ತಿದ್ದುದು ಒಂದು ಪೆಟ್ಟಿಗೆ. ಕಾಗದಪತ್ರವನ್ನೆಲ್ಲ ಕಂಪ್ಯೂಟರಿನಲ್ಲಿ ಇಡಬೇಕು, ಆದರೆ ಅದು ತಮ್ಮ ಕೋಣೆ ಬಿಟ್ಟು ಎಲ್ಲಿಗೂ ಹೋಗಕೂಡದು ಎನ್ನುವ ಸಣ್ಣಪುಟ್ಟ ಕಚೇರಿಗಳು ಅದನ್ನು ಕೊಳ್ಳುತ್ತಿದ್ದವು. ಬರೆದದ್ದೆಲ್ಲ ಪೆಟ್ಟಿಗೆಯೊಳಗಿನ ಡಿಸ್ಕಿನಲ್ಲಿ ಉಳಿಯುತ್ತಿತ್ತು. ಹೀಗೆ ಹನ್ನೆರಡು ಕಡೆ ಅವರ ಪೆಟ್ಟಿಗೆ ಇತ್ತು.

ಯಜಮಾನರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಇಪ್ಪತ್ತು ವರ್ಷ ಸಂಜೆ ತರಗತಿಯಲ್ಲಿ ಕಂಪ್ಯೂಟರ್ ಕಲಿಸಿದವರು. ಎರಡನೆಯವರು ಪೆಟ್ಟಿಗೆಯನ್ನು ಪರೀಕ್ಷೆ ಮಾಡುವವರು; ಹಿಂದೆ ಕೈಗಡಿಯಾರ ರಿಪೇರಿ ಮಾಡುತ್ತಿದ್ದರಂತೆ. ಇವತ್ತು ಮಂಗಳವಾರ ಎಂದರೆ ಎದ್ದುಹೋಗಿ ಕ್ಯಾಲೆಂಡರ್ ನೋಡಿಕೊಂಡು ಬಂದು ಹೌದು ಎನ್ನುವ ಜಾಯಮಾನ. ಅವರಿಗೆ ಸಂಶಯಪ್ಪ ಎಂದು ಹೆಸರಿಟ್ಟವರೂ ಮೇಷ್ಟ್ರೇ. ಮೂರನೆಯವಳು ಕತ್ತರಿ. ಹನ್ನೊಂದು ವರ್ಷ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುತ್ತಿದ್ದವಳು, ಕೆಲಸ ಮುಗಿಸಿ ಸಂಜೆ ಮೇಷ್ಟ್ರ ತರಗತಿಗೆ ಬಂದು ಕಲಿತವಳು. ತರಗತಿಯಲ್ಲಿ ಅಂಟಿಕೊಂಡ ಹೆಸರು ಇಲ್ಲಿಗೂ ಜೊತೆಗೆ ಬಂದಿತ್ತು.

ಕತ್ತರಿ ಮನೆಗೆ ಬೀಗ ಹಾಕಿದ ಮೇಲೆ ಮೂರು ಸಲ ಎಳೆದು ನೋಡುವವಳು. ಅವಳ ಗಂಡ ಅಂಗಡಿಗಳಿಗೆ ಬೋರ್ಡು ಬರೆಯುವವನು. ನಾಲ್ಕನೇ ಸಲ ಎಳೆದರೆ ಬೀಗವೇ ಕೈಗೆ ಬರುತ್ತೆ ಎಂದು ಛೇಡಿಸುತ್ತಿದ್ದ. ಅವಳಿಗೋ, ತಾನು ಸರಿಯಾಗಿ ಓದಿ ಬಂದವಳಲ್ಲ, ಎಲ್ಲೋ ಒಂದು ಕಡೆ ಏನೋ ಬಿಟ್ಟುಹೋಗಿರುತ್ತದೆ, ಯಾರಾದರೂ ಒಂದಲ್ಲ ಒಂದು ದಿನ ಅದನ್ನು ಹಿಡಿಯುತ್ತಾರೆ ಎಂಬ ಅಂಜಿಕೆ ಬೆನ್ನಿಗೇ ಇತ್ತು.

ಹಿಡಿಯುವ ದಿನ ಬಂದದ್ದು ಒಂದು ಫೋನಿನ ರೂಪದಲ್ಲಿ. ಮಾಡಿದವರು ಪೆಟ್ಟಿಗೆ ಕೊಂಡಿದ್ದ ಕೌಟುಂಬಿಕ ಸಲಹಾ ಕೇಂದ್ರದ ಸಲಹೆಗಾರ್ತಿ. ಅಳಿಸಿದ ಸಾಲುಗಳು ಮತ್ತೆ ಅಚ್ಚಾಗಿ ಬಂದಿವೆ, ಯಾರಾದರೂ ಈಗಲೇ ಬನ್ನಿ ಎಂದರು. ದನಿ ಏರಿಸಿರಲಿಲ್ಲ. ಅದಕ್ಕೇ ಕತ್ತರಿ ಕೂಡಲೇ ಎದ್ದು ಹೊರಟಳು. ಪೆಟ್ಟಿಗೆಯಲ್ಲಿ ಫೈಲನ್ನು ಚಿಕ್ಕದು ಮಾಡುವ ಭಾಗವನ್ನು ಬರೆದವಳು ಅವಳೇ.

ಕೇಂದ್ರ ಇದ್ದುದು ಎರಡು ಬೀದಿಗಳಾಚೆ, ಒಂದು ಹಳೆಯ ಕಟ್ಟಡದ ಹಿಂಭಾಗದಲ್ಲಿ. ಹೊರಗೊಂದು ಕೋಣೆ, ಅಲ್ಲಿ ನಾಲ್ಕು ಕುರ್ಚಿ, ಕಿಟಕಿಯ ಪಕ್ಕ ಪ್ರಿಂಟರ್. ಒಳಗೊಂದು ಕೋಣೆ, ಅಲ್ಲಿ ಮಾತುಕತೆ. ಆ ಕೇಂದ್ರದ ಪದ್ಧತಿ ಸ್ವಲ್ಪ ಬೇರೆ ಥರ. ಒಂದು ಕುಟುಂಬಕ್ಕೆ ಒಂದೇ ಫೈಲು. ಒಬ್ಬೊಬ್ಬರೇ ಬಂದು ಮಾತಾಡಿದರೂ ಟಿಪ್ಪಣಿ ಅದೇ ಫೈಲಿಗೆ ಸೇರುತ್ತದೆ, ಮುಂದೆ ಎಲ್ಲರೂ ಓದುತ್ತಾರೆ. ಆದರೆ ಸಹಿ ಮಾಡುವ ಮುನ್ನ ತಾನಾಡಿದ ಮಾತನ್ನು ಯಾರು ಬೇಕಾದರೂ ವಾಪಸ್ ತೆಗೆದುಕೊಳ್ಳಬಹುದು. ಸಲಹೆಗಾರ್ತಿ ಅವರ ಎದುರಿಗೇ ಅದನ್ನು ಅಳಿಸುತ್ತಾರೆ. ಪ್ರತಿ ಭೇಟಿಯ ಟಿಪ್ಪಣಿ ಹೊಸ ಪುಟದಿಂದಲೇ ಶುರುವಾಗಬೇಕು, ಹಿಂದಿನದು ಅರ್ಧ ಪುಟಕ್ಕೆ ಮುಗಿದಿದ್ದರೆ ಉಳಿದರ್ಧ ಖಾಲಿ. ಭೇಟಿ ಮುಗಿದಾಗ ಇಡೀ ಫೈಲನ್ನು ಅಚ್ಚು ಹಾಕಿ ಒಬ್ಬೊಬ್ಬರಿಗೆ ಒಂದೊಂದು ಪ್ರತಿ.

ಅಳಿಸಿದ್ದು ಮತ್ತೆ ಬಂದ ಫೈಲು ಇಬ್ಬರು ಅಕ್ಕತಂಗಿಯರದು. ಅಕ್ಕ ಶಾಲೆಯ ವ್ಯಾನ್ ಓಡಿಸುವವಳು. ಮಕ್ಕಳು ವ್ಯಾನಕ್ಕ ಎಂದು ಕರೆಯುತ್ತಿದ್ದವು. ತಂಗಿಗೆ ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿ ಕೆಲಸ. ತಾಯಿ ತೀರಿಕೊಂಡಾಗ ಅಕ್ಕನಿಗೆ ಹತ್ತೊಂಬತ್ತು, ತಂಗಿಗೆ ನಾಲ್ಕು. ಓದುತ್ತಿದ್ದ ಶಿಕ್ಷಕಿಯ ತರಬೇತಿಯನ್ನು ಅರ್ಧಕ್ಕೇ ಬಿಟ್ಟು ಅಕ್ಕ ತಂಗಿಯನ್ನು ಸಾಕಿದಳು. ಈಗ ಇಬ್ಬರೂ ಒಂದೇ ಮನೆಯಲ್ಲಿದ್ದುಕೊಂಡು ಎಂಟು ತಿಂಗಳಿಂದ ಮಾತು ಬಿಟ್ಟಿದ್ದರು. ಶುರುವಾದದ್ದು ಯಾವುದರಿಂದ ಎಂದು ಕೇಳಿದರೆ ಇಬ್ಬರಿಗೂ ನಾಚಿಕೆಯಾಗುವಷ್ಟು ಚಿಕ್ಕ ಕಾರಣ.

ಮೂರು ವಾರದ ಹಿಂದೆ ವ್ಯಾನಕ್ಕ ಒಬ್ಬಳೇ ಬಂದಿದ್ದಾಗ, ತಂಗಿಯನ್ನು ಸಾಕಿದ್ದರ ಬಗ್ಗೆ ಒಂದು ಮಾತು ಬಾಯಿಂದ ಜಾರಿತು. ಯಾರಿಗೂ, ತನಗೆ ತಾನೂ ಯಾವತ್ತೂ ಹೇಳಿಕೊಂಡಿರದ ಮಾತು. ಹೇಳಿದ ಮೇಲೆ, ಅದು ಬೇಡ, ತೆಗೆದುಬಿಡಿ ಎಂದಳು. ಸಲಹೆಗಾರ್ತಿ ಪರದೆಯನ್ನು ಅವಳ ಕಡೆಗೆ ತಿರುಗಿಸಿ ಏಳು ಸಾಲು ಅಳಿಸಿದರು. ಇವತ್ತು ಇಬ್ಬರೂ ಬರಬೇಕಾಗಿತ್ತು. ತಂಗಿ ಲ್ಯಾಬಿನಿಂದ ಬರುವುದು ತಡವಾಯಿತು. ಸಲಹೆಗಾರ್ತಿ ಇವಳೊಬ್ಬಳ ಮಾತು ಬರೆದುಕೊಂಡು ಎರಡು ಪ್ರತಿ ಅಚ್ಚು ಹಾಕಿದರು. ಓದಿ ಸಹಿ ಮಾಡಲು ಕೂತ ವ್ಯಾನಕ್ಕ ಆರನೆಯ ಪುಟಕ್ಕೆ ಬಂದಾಗ, ಖಾಲಿ ಇರಬೇಕಾದ ಕೆಳಗಿನ ಅರ್ಧದಲ್ಲಿ ಆ ಏಳು ಸಾಲೂ ಕೂತಿದ್ದವು. ಅವಳು ಪುಟವನ್ನು ಮಗುಚಿ ಹಾಕಿದಳು. ಎರಡೂ ಪ್ರತಿಗಳನ್ನು ತನ್ನ ಚೀಲಕ್ಕೆ ತುರುಕಿಕೊಂಡಳು.

ಕತ್ತರಿ ಹೋದಾಗ ವ್ಯಾನಕ್ಕ ಹೊರಗಿನ ಕುರ್ಚಿಯಲ್ಲಿ ಚೀಲವನ್ನು ತೊಡೆಯ ಮೇಲಿಟ್ಟು ಅಪ್ಪಿ ಹಿಡಿದು ಕೂತಿದ್ದಳು.

"ಅಳಿಸೋದನ್ನ ಮಾಡಿದೋರು ನೀವೇನಾ?" ಎಂದಳು.

"ಹೌದಕ್ಕಾ. ನಾನೇ."

"ನನ್ನೆದುರಿಗೇ ಅಳಿಸಿದ್ರು. ಕಣ್ಣಾರೆ ನೋಡಿದೀನಿ. ಆಮೇಲೆ ಎಲ್ಲಿತ್ತು ಅದು?"

ಫೈಲಿನ ಉದ್ದ ಎಷ್ಟು ಎಂದು ಒಂದು ಸಂಖ್ಯೆ ಬರೆದಿಟ್ಟಿರುತ್ತೇವೆ, ಅಳಿಸಿದಾಗ ಆ ಸಂಖ್ಯೆ ಕಡಿಮೆಯಾಗುತ್ತದೆ, ಸಂಖ್ಯೆಯ ಆಚೆಗಿನದು ಯಾರಿಗೂ ಕಾಣುವುದಿಲ್ಲ ಎಂದು ಕತ್ತರಿ ಹೇಗೋ ವಿವರಿಸಿದಳು. ವ್ಯಾನಕ್ಕ ಪೂರ್ತಿ ಕೇಳಿಸಿಕೊಂಡಳು.

"ನನ್ನ ವ್ಯಾನಲ್ಲಿ ಇಪ್ಪತ್ತೆರಡು ಮಕ್ಕಳು. ಇಳಿಸಿದ್ದೂ ಇಪ್ಪತ್ತೆರಡು ಅಂತ ಲೆಕ್ಕ ಸಿಕ್ಕಿದ್ರೂ ನಾನು ಕೊನೇ ಸೀಟಿನವರೆಗೂ ಹೋಗಿ ಬಗ್ಗಿ ನೋಡ್ತೀನಿ. ನೀವು ಲೆಕ್ಕ ಬರೆದು ಬಾಗಿಲು ಹಾಕ್ಕೊಂಡು ಹೋಗಿದೀರ."

ವ್ಯಾನಕ್ಕ ಇನ್ನು ಬರುವುದಿಲ್ಲವೆಂದು ಸಲಹೆಗಾರ್ತಿಗೆ ಆಗಲೇ ಹೇಳಿಯಾಗಿತ್ತು. ಸಲಹೆಗಾರ್ತಿ ಅವಳ ಪಕ್ಕ ಕೂತು, ಎಂಟು ತಿಂಗಳ ಮೇಲೆ ನಿಮ್ಮ ತಂಗಿ ಬರ್ತೀನಿ ಅಂತ ಒಪ್ಪಿಕೊಂಡಿದ್ದಾಳೆ, ಇದೊಂದು ಸಲ ನೋಡೋಣ ಎಂದು ಬೇಡಿಕೊಂಡರು. ಕಾಗದದ ಮೇಲೆ ಕೈಯಲ್ಲೇ ಬರೆದುಕೊಳ್ಳುತ್ತೇನೆ ಎಂದೂ ಹೇಳಿದರು. ವ್ಯಾನಕ್ಕ ಬೇಡವೆಂದಳು. ಕಾಗದ ಯಾರ ಕೈಗೆ ಬೇಕಾದರೂ ಸಿಗುತ್ತದೆ. ಅಲ್ಲದೆ ಈಗಿರುವ ಫೈಲನ್ನು ತಂಗಿ ಕೇಳಿದರೆ ಏನು ಕೊಡುವುದು? ಕೊನೆಗೆ ಕತ್ತರಿಯ ಕಡೆ ತಿರುಗಿ, "ಎರಡು ವಾರ ಟೈಮಿದೆ. ಸರಿ ಮಾಡ್ತೀರಾ?" ಎಂದಳು.

"ಮಾಡ್ತೀನಿ ಅಕ್ಕಾ," ಎಂದಳು ಕತ್ತರಿ. ಮೆಟ್ಟಿಲಿಳಿಯುವಾಗ, ಪ್ರಯತ್ನ ಮಾಡ್ತೀನಿ ಅನ್ನಬೇಕಿತ್ತು ಎಂದು ಅನ್ನಿಸತೊಡಗಿತು.

ಆ ಮಧ್ಯಾಹ್ನ ಸಂಶಯಪ್ಪ ಅವಳು ನಾಲ್ಕು ವರ್ಷದ ಹಿಂದೆ ಬರೆದ ಪ್ರೋಗ್ರಾಮನ್ನು ಪರದೆಯ ಮೇಲೆ ತೆರೆದರು. ಡಿಸ್ಕಿನಲ್ಲಿ ಫೈಲು ಇರುವುದು ಖಾನೆ ಖಾನೆಯಾಗಿ. ಒಂದು ಖಾನೆಗೆ ಎರಡು ಪುಟದಷ್ಟು ಬರಹ ಹಿಡಿಯುತ್ತದೆ. ಫೈಲನ್ನು ಚಿಕ್ಕದು ಮಾಡಿದಾಗ ಪೂರ್ತಿ ಬೇಡವಾದ ಖಾನೆಗಳನ್ನು ಅವಳ ಪ್ರೋಗ್ರಾಮು ವಾಪಸ್ ಕೊಡುತ್ತಿತ್ತು. ಆದರೆ ಫೈಲಿನ ತುದಿ ಬಿದ್ದ ಖಾನೆ ಇದೆಯಲ್ಲ, ಅರ್ಧ ಬೇಕಾದ್ದು ಅರ್ಧ ಬೇಡವಾದದ್ದು, ಅದನ್ನು ಮುಟ್ಟುತ್ತಲೇ ಇರಲಿಲ್ಲ. ಪ್ರೋಗ್ರಾಮಿನ ಆ ಜಾಗದಲ್ಲಿ ಅವಳೇ ಬರೆದಿಟ್ಟ ಟಿಪ್ಪಣಿ ಇತ್ತು. ಸಂಶಯಪ್ಪ ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದರು: ಬಟ್ಟೆ ಕತ್ತರಿಸಿಲ್ಲ, ಒಳಕ್ಕೆ ಮಡಚಿದೆ, ಬೇಕಾದಾಗ ಬಿಚ್ಚಬಹುದು.

ಕತ್ತರಿಗೆ ಮುಖ ಎಲ್ಲಿಡುವುದೆಂದು ತಿಳಿಯಲಿಲ್ಲ. ಸಮವಸ್ತ್ರದ ಲಂಗಕ್ಕೆ ಕೆಳಗಡೆ ನಾಲ್ಕು ಬೆರಳು ಬಟ್ಟೆಯನ್ನು ಒಳಮಡಿಕೆಯಲ್ಲಿ ಬಿಡುವುದು ಕಾರ್ಖಾನೆಯ ನಿಯಮ. ಮಗು ಬೆಳೆಯುತ್ತದೆ, ಮುಂದಿನ ವರ್ಷ ಹೊಲಿಗೆ ಬಿಚ್ಚಿದರೆ ಲಂಗ ಉದ್ದವಾಗುತ್ತದೆ. ಬಟ್ಟೆಯನ್ನು ಕತ್ತರಿಸಿ ಎಸೆಯುವವಳು ಒಳ್ಳೆಯ ಕೆಲಸಗಾರ್ತಿಯಲ್ಲ. ಅದೇ ಬುದ್ಧಿಯನ್ನು ಅವಳು ಇಲ್ಲಿಗೂ ತಂದಿದ್ದಳು. ಅಳಿಸಿದವರು ಎಲ್ಲವೂ ಹೋಯಿತೆಂದುಕೊಂಡರೆ ಅದು ಮಡಿಕೆಯೊಳಗೆ ಬೆಚ್ಚಗೆ ಕೂತಿರುತ್ತಿತ್ತು. ಮುಂದಿನ ಭೇಟಿಯ ಟಿಪ್ಪಣಿಗೆಂದು ಫೈಲು ಹೊಸ ಪುಟಕ್ಕೆ ಹಾರಿ ಉದ್ದವಾದ ಕೂಡಲೇ ಮಡಿಕೆ ಬಿಚ್ಚಿಕೊಳ್ಳುತ್ತಿತ್ತು. ಇಷ್ಟು ದಿನ ಯಾರ ಕಣ್ಣಿಗೂ ಬೀಳದಿದ್ದುದಕ್ಕೆ ಕಾರಣವೆಂದರೆ, ಉಳಿದ ಕಚೇರಿಗಳಲ್ಲಿ ಹೀಗೆ ಜಾಗ ಬಿಟ್ಟು ಬರೆಯುವವರು ಕಡಿಮೆ.

"ಆವತ್ತು ಇದನ್ನ ಭೇಷ್ ಅಂದೋನು ನಾನೇ," ಎಂದರು ಮೇಷ್ಟ್ರು, ಯಾರ ಮುಖವನ್ನೂ ನೋಡದೆ. "ಟಿಪ್ಪಣಿ ಓದಿ ಖುಷಿಯಾಗಿ ಕೆಳಗಿನ ಪ್ರೋಗ್ರಾಮು ಓದಲಿಲ್ಲ."

"ನನಗೆ ಪರೀಕ್ಷೆಗೆ ಕೊಡಲೇ ಇಲ್ಲ," ಎಂದರು ಸಂಶಯಪ್ಪ. ಅವರು ಕೆಲಸಕ್ಕೆ ಸೇರಿದ್ದು ಅದಾದ ಎರಡು ವರ್ಷಕ್ಕೆ. ಅದನ್ನು ಯಾರೂ ನೆನಪಿಸಲಿಲ್ಲ.

ತಿದ್ದುವುದು ಸುಲಭವೆಂದೇ ಕಂಡಿತು. ಫೈಲನ್ನು ಚಿಕ್ಕದು ಮಾಡುವಾಗ ಆ ಕೊನೆಯ ಖಾನೆಯಲ್ಲಿ ಬೇಡವಾದ ಭಾಗಕ್ಕೆಲ್ಲ ಸೊನ್ನೆ ತುಂಬುವುದು. ಹತ್ತು ಸಾಲಿನ ಕೆಲಸ. ಕತ್ತರಿ ಅದನ್ನು ಒಂದು ಗಂಟೆಯಲ್ಲಿ ಬರೆದು, ಎರಡು ದಿನ ಓದುತ್ತ ಕೂತಳು. ಪರೀಕ್ಷೆ ಮಾಡುವುದು ಹೇಗೆ ಎಂಬ ಪ್ರಶ್ನೆ ಬಂದಾಗ ಕೇಂದ್ರದ ಡಿಸ್ಕಿನ ಒಂದು ನಕಲು ತಂದರೆ ನಿಜವಾದ ಫೈಲಿನ ಮೇಲೇ ನೋಡಬಹುದಲ್ಲ ಎಂದು ಮೇಷ್ಟ್ರು ಸೂಚಿಸಿದರು. ಕತ್ತರಿ ಒಪ್ಪಲಿಲ್ಲ. ಅಳಿಸಿದ್ದು ಹೋಗಿದೆಯೋ ಇಲ್ಲವೋ ಎಂದು ನೋಡಬೇಕಾದರೆ ಅಳಿಸಿದ್ದೇನು ಎಂದು ಓದಲೇಬೇಕು. ಯಾರದೋ ಮನೆಯ ಒಳಮಡಿಕೆಗಳನ್ನು ಬಿಚ್ಚಿ ಓದಿ, ಆಮೇಲೆ ಇನ್ನು ಯಾರೂ ಓದಲಾರರು ಎಂದು ಭರವಸೆ ಕೊಡುವುದು ಅವಳಿಗೆ ಸಹ್ಯವಾಗಲಿಲ್ಲ. ಸಂಶಯಪ್ಪ ಬೇರೆ ದಾರಿ ಹುಡುಕಿದರು. ಒಂದು ಖಾಲಿ ಡಿಸ್ಕಿನ ಉದ್ದಗಲಕ್ಕೂ ತಮ್ಮ ಹೆಂಡತಿಯ ಬೈಗುಳದ ಒಂದು ಪದವನ್ನೇ ತುಂಬಿದರು. ಅದರ ಮೇಲೆ ಫೈಲು ಬರೆದು, ಚಿಕ್ಕದು ಮಾಡಿ, ಉದ್ದ ಮಾಡಿದರು. ಎಲ್ಲಾದರೂ ಆ ಪದ ಇಣುಕಿದರೆ ಹಳೆಯದು ಉಳಿದಿದೆ ಎಂದರ್ಥ.

"ಮನೇಲಿ ದಿನಕ್ಕೆ ನಾಲ್ಕು ಸಲ ಕೇಳ್ತೀನಿ ತಾಯಿ. ಎಲ್ಲಿದ್ರೂ ಗುರುತು ಹಿಡೀತೀನಿ," ಎಂದರು.

ಆರು ಸಾವಿರ ಸಲ ಮಾಡಿದರು. ಪದ ಒಮ್ಮೆಯೂ ಇಣುಕಲಿಲ್ಲ. ಭೇಟಿಯ ಹಿಂದಿನ ದಿನ ಕತ್ತರಿ ಹೋಗಿ ಹೊಸ ಪ್ರೋಗ್ರಾಮನ್ನು ಕೇಂದ್ರದ ಪೆಟ್ಟಿಗೆಗೆ ಹಾಕಿ ಬಂದಳು. ಅಕ್ಕತಂಗಿಯರ ಫೈಲನ್ನು ಮಾತ್ರ ಅವಳು ಮುಟ್ಟಲಿಲ್ಲ. ಅದನ್ನು ಮರುದಿನ ಸಲಹೆಗಾರ್ತಿಯೇ, ವ್ಯಾನಕ್ಕನ ಎದುರಿಗೇ, ಆರನೆಯ ಪುಟದ ನಡುವಿನಿಂದ ಕೊನೆಯವರೆಗೂ, ಸಹಿಯಾಗದ ಕಳೆದ ಸಲದ ಟಿಪ್ಪಣಿಯೂ ಸೇರಿ, ಮತ್ತೊಮ್ಮೆ ಅಳಿಸುವುದೆಂದು ಮಾತಾಗಿತ್ತು.

ಆ ದಿನ ಕತ್ತರಿಗೆ ಅಲ್ಲಿ ಏನೂ ಕೆಲಸವಿರಲಿಲ್ಲ. ಆದರೂ ಮಧ್ಯಾಹ್ನ ಹೋಗಿ ಹೊರಗಿನ ಕೋಣೆಯಲ್ಲಿ ಕೂತಳು. ವ್ಯಾನಕ್ಕ ಮೊದಲು ಬಂದಳು. ಒಳಗೆ ಅಳಿಸುವುದು ಮುಗಿದ ಮೇಲೆ ಬಾಗಿಲಲ್ಲಿ ತಲೆ ಹಾಕಿ, ಆಯಿತು ಎನ್ನುವಂತೆ ಕತ್ತರಿಯ ಕಡೆ ನೋಡಿದಳು. ಆಮೇಲೆ ತಂಗಿ ಬಂದಳು. ಮೂವತ್ತರ ಆಸುಪಾಸು, ಉಗುರಿನ ಸಂದಿಯಲ್ಲಿ ಲ್ಯಾಬಿನ ಬಿಳಿ ಪುಡಿ. ಕತ್ತರಿಗೆ ಸಣ್ಣದಾಗಿ ನಕ್ಕು ಒಳಗೆ ಹೋದಳು. ಬಾಗಿಲು ಮುಚ್ಚಿತು. ಮೊದಲ ಹತ್ತು ನಿಮಿಷ ಸಲಹೆಗಾರ್ತಿಯ ದನಿಯೊಂದೇ ಕೇಳುತ್ತಿತ್ತು. ಆಮೇಲೆ ಎರಡು ದನಿ, ಆಮೇಲೆ ಮೂರು. ಮಾತೇನೆಂದು ತಿಳಿಯುತ್ತಿರಲಿಲ್ಲ, ಕತ್ತರಿ ತಿಳಿಯಲು ಹೋಗಲೂ ಇಲ್ಲ. ಒಮ್ಮೆ ಮಾತ್ರ ಯಾರೋ ನಕ್ಕಂತಾಯಿತು. ಅವಳಿಗೆ ಎರಡು ವಾರದಲ್ಲಿ ಮೊದಲ ಸಲ ಬೆನ್ನು ಸಡಿಲವಾಯಿತು.

ಭೇಟಿ ಮುಗಿಯುವ ಹೊತ್ತಿಗೆ ಕರೆಂಟು ಹೋಯಿತು. ಕಟ್ಟಡದಲ್ಲಿ ಯಾರೋ ಹೀಟರ್ ಹಾಕಿದ್ದರಂತೆ. ಯಾರೋ ಕೆಳಗಿಳಿದು ಸ್ವಿಚ್ ಎತ್ತಿದರು. ಎರಡು ನಿಮಿಷಕ್ಕೆಲ್ಲ ವಾಪಸ್ ಬಂತು. ಪೆಟ್ಟಿಗೆ ತನ್ನ ಪಾಡಿಗೆ ಮತ್ತೆ ಚಾಲೂ ಆಯಿತು, ಫೈಲು ತೆರೆಯಿತು, ಬರೆದ ಟಿಪ್ಪಣಿ ಅಲ್ಲೇ ಇತ್ತು. ಸಲಹೆಗಾರ್ತಿ ಎರಡು ಪ್ರತಿಗೆ ಆಜ್ಞೆ ಕೊಟ್ಟರು. ಒಳಗೆ ಅಕ್ಕ ಏನೋ ಹೇಳುತ್ತಿದ್ದಳು. ಕಾಗದ ತರಲು ಎದ್ದು ಹೊರಗೆ ಬಂದವಳು ತಂಗಿ.

ಪ್ರಿಂಟರಿನಿಂದ ಹಾಳೆಗಳು ಒಂದೊಂದಾಗಿ, ಮುಖ ಮೇಲಾಗಿ ಬರುತ್ತಿದ್ದವು. ತಂಗಿ ಕಿಟಕಿಯ ಬೆಳಕಿನಲ್ಲಿ ನಿಂತು ಒಂದೊಂದನ್ನೇ ಎತ್ತಿಕೊಳ್ಳುತ್ತಿದ್ದಳು. ಕತ್ತರಿ ಕೂತಲ್ಲಿಂದಲೇ ಎಣಿಸುತ್ತಿದ್ದಳು. ಆರನೆಯದು ಹೊರಬಂದಾಗ ಅದರ ಕೆಳಗಿನ ಅರ್ಧ ಬೆಳ್ಳಗಿರಲಿಲ್ಲ.

ಅವಳು ಎದ್ದು ಪ್ರಿಂಟರಿನ ಹತ್ತಿರ ಹೋಗುವಷ್ಟರಲ್ಲಿ ಆ ಹಾಳೆ ತಂಗಿಯ ಕೈಯಲ್ಲಿತ್ತು, ಏಳನೆಯದೂ ಅದರ ಮೇಲೆ ಬಂದು ಕೂತಿತ್ತು. ನಡುವೆ ಎಷ್ಟು ಹೊತ್ತು ಕಳೆಯಿತೆಂದು ಆಮೇಲೆ ಎಷ್ಟು ಸಲ ಲೆಕ್ಕ ಹಾಕಿದರೂ ಒಮ್ಮೆ ಮೂರು ಸೆಕೆಂಡು ಅನ್ನಿಸುತ್ತಿತ್ತು, ಒಮ್ಮೆ ಒಂದು ನಿಮಿಷ.

"ಪ್ರಿಂಟು ಸರಿ ಬಂದಿಲ್ಲ. ಕೊಡಿ, ಇನ್ನೊಂದ್ಸಲ ಹಾಕ್ತೀನಿ," ಎಂದಳು ಕತ್ತರಿ.

ತಂಗಿ ಅವಳನ್ನು ನೋಡಿದಳು. ಹಾಳೆಗಳನ್ನು ಮೇಜಿಗೆ ಎರಡು ಸಲ ಕುಟ್ಟಿ ಅಂಚು ಒಪ್ಪಮಾಡಿ, ಮಗುಚಿ ಹಿಡಿದು ಕೊಟ್ಟಳು. ಏನಾಗಿದೆ ಎಂದು ಕೇಳಲಿಲ್ಲ. ಅಚ್ಚು ಮಸಿ ಹತ್ತದೆ ಸ್ವಚ್ಛವಾಗಿಯೇ ಬಂದಿತ್ತು. ಯಾರಾದರೂ ಕೇಳಬೇಕಾದ ಪ್ರಶ್ನೆ. ಒಳಗೆ ಹೋಗಿ, ಪ್ರಿಂಟರ್ ಕೆಟ್ಟಿದೆಯಂತೆ, ಪ್ರತಿ ಮುಂದಿನ ವಾರ ತಗೊಳ್ಳೋಣ ಎಂದು ಹೇಳಿದ್ದು ಕತ್ತರಿಗೆ ಕೇಳಿಸಿತು.

ಎಡವಿದ್ದೆಲ್ಲಿ ಎಂದು ಹುಡುಕಲು ಒಂದು ದಿನವೂ ಬೇಕಾಗಲಿಲ್ಲ. ಅದೇ ಅವಳನ್ನು ಹೆಚ್ಚು ಸುಟ್ಟದ್ದು. ಸೊನ್ನೆ ತುಂಬಿದ್ದೇನೋ ನಿಜ, ಆದರೆ ತುಂಬಿದ್ದು ಪೆಟ್ಟಿಗೆಯ ನೆನಪಿನಲ್ಲಿ, ಅಂದರೆ ಕರೆಂಟು ಇರುವ ತನಕ ಮಾತ್ರ ಉಳಿಯುವ ಜಾಗದಲ್ಲಿ. ನೆನಪಿನಲ್ಲಿರುವುದು ಡಿಸ್ಕಿಗೆ ಇಳಿಯುವುದು ಪೆಟ್ಟಿಗೆಗೆ ಬಿಡುವಾದಾಗ. ಫೈಲಿನ ಉದ್ದದ ಸಂಖ್ಯೆ ಮಾತ್ರ ಅವಸರದ ಸಂಗತಿಯೆಂದು ಕೂಡಲೇ ಇಳಿಯುತ್ತದೆ. ಸಲಹೆಗಾರ್ತಿ ಅಳಿಸಿದರು, ಸೊನ್ನೆಗಳು ಅವಸರವಿಲ್ಲದವೆಂದು ಸರದಿಯ ಕೊನೆಯಲ್ಲಿ ಕಾಯುತ್ತಿದ್ದವು. ಹೊಸ ಟಿಪ್ಪಣಿ ಬರೆದರು. ಉದ್ದ ಹೆಚ್ಚಾಯಿತೆಂಬ ಸುದ್ದಿ ಡಿಸ್ಕಿಗೆ ಮೊದಲು ಮುಟ್ಟಿತು, ಹೊಸ ಟಿಪ್ಪಣಿ ಬೇರೊಂದು ಖಾನೆಯಲ್ಲಿತ್ತು, ಅದೂ ಮುಟ್ಟಿತು. ಆಗ ಕರೆಂಟು ಹೋಯಿತು. ಕಾಯುತ್ತಿದ್ದ ಸೊನ್ನೆಗಳು ಹಾಗೇ ಆರಿಹೋದವು. ಡಿಸ್ಕಿನ ಮೇಲೆ ಹಳೆಯ ಏಳು ಸಾಲು ಇದ್ದ ಹಾಗೆಯೇ ಇದ್ದವು, ಈಗ ಅವು ಫೈಲಿನ ಒಳಗೇ ಇದ್ದವು. ಆರು ಸಾವಿರ ಸಲ ಪರೀಕ್ಷೆ ಮಾಡಿದಾಗ ಒಮ್ಮೆಯೂ ಯಾರೂ ಪ್ಲಗ್ ಕಿತ್ತಿರಲಿಲ್ಲ.

ತಿದ್ದುಪಡಿ ಇಷ್ಟೇ: ಮೊದಲು ಒರೆಸುವುದು. ಒರೆಸಿದ್ದು ಡಿಸ್ಕಿಗೆ ಇಳಿಯಿತು ಎಂದು ಡಿಸ್ಕೇ ಹೇಳುವ ತನಕ ಕಾಯುವುದು. ಆಮೇಲಷ್ಟೇ ಉದ್ದ ಬದಲಿಸುವುದು. ಮೇಷ್ಟ್ರಿಗೆ ಆ ಕಾಯುವಿಕೆ ಹಿಡಿಸಲಿಲ್ಲ. ಪ್ರತಿ ಸಲ ಕಾದರೆ ಪೆಟ್ಟಿಗೆ ನಿಧಾನವಾಗುತ್ತದೆ, ಉಳಿದ ಹನ್ನೊಂದು ಕಡೆಯವರು ಗೊಣಗುತ್ತಾರೆ, ಕೇಂದ್ರಕ್ಕೆ ಮಾತ್ರ ಹಾಕೋಣ ಎಂದರು. ಕತ್ತರಿ ಮೇಷ್ಟ್ರಿಗೆ ಇಷ್ಟು ಗಟ್ಟಿಯಾಗಿ ಎದುರು ಮಾತಾಡಿದ್ದು ಅದೇ ಮೊದಲು.

"ಹನ್ನೊಂದು ಕಡೇಲೂ ಜನ ಅಳಿಸ್ತಾರೆ ಮೇಷ್ಟ್ರೇ. ಅಳಿಸಿದ್ದು ಹೋಯ್ತು ಅಂತ ನಂಬಿ ಮನೆಗೆ ಹೋಗ್ತಾರೆ. ಕಣ್ಣು ಮಿಟುಕಿಸೋಷ್ಟು ಕಾಯೋಕಾಗಲ್ಲ ಅಂದ್ರೆ ಅಳಿಸೋ ಗುಂಡೀನೇ ತೆಗೆದುಬಿಡೋಣ."

ಮೇಷ್ಟ್ರು, ಸರಿ, ಕಾಗದವನ್ನೂ ನೀನೇ ಬರಿ ಎಂದರು. ಹನ್ನೊಂದು ಕಡೆಗೂ, ನಿಮ್ಮಲ್ಲಿ ಅಳಿಸಿದ್ದು ಹೊರಬಂದಿರಬಹುದು ಎಂದು ತಿಳಿಸುವ ಕಾಗದ. ಅವಳು ಅದನ್ನು ಒಂಬತ್ತು ಸಲ ತಿದ್ದಿ ಬರೆದಳು. ಸಂಶಯಪ್ಪ ಈ ಸಲ ಪ್ಲಗ್ಗನ್ನೇ ಹಿಡಿದು ಕೂತರು. ಅಳಿಸು, ಬರಿ, ಕೀಳು. ಮತ್ತೆ ಸಿಕ್ಕಿಸು, ಹುಡುಕು. ನಾಲ್ಕು ದಿನದಲ್ಲಿ ಏಳುನೂರು ಸಲ ಕಿತ್ತರು. ಹೆಬ್ಬೆರಳಲ್ಲಿ ಗುಳ್ಳೆ ಎದ್ದಿತು. ಮೊದಲ ಸಲ ತಿದ್ದಿದ್ದ ಪ್ರೋಗ್ರಾಮಿನಲ್ಲಿ ಹೆಂಡತಿಯ ಪದ ಮೂವತ್ತು ಸಲಕ್ಕೊಮ್ಮೆ ಸಿಗುತ್ತಿತ್ತು. ಹೊಸದರಲ್ಲಿ ಸಿಗಲೇ ಇಲ್ಲ. ಆದರೂ ಏಳುನೂರ ಒಂದನೆಯದರಲ್ಲಿ ಸಿಗಲ್ಲ ಅಂತ ಯಾರು ಹೇಳಿದ್ದು ಎಂದು ಅವರು ಗೊಣಗುತ್ತಲೇ ಇದ್ದರು.

ಇನ್ನೊಂದು ಕೆಲಸ ಉಳಿದಿತ್ತು. ಆ ಹಾಳೆ ತಂಗಿಯ ಕೈಗೆ ಹೋಗಿತ್ತೆಂದು ಕತ್ತರಿ ಅದೇ ದಿನ ಸಲಹೆಗಾರ್ತಿಗೆ ಹೇಳಿದ್ದಳು. ಸಲಹೆಗಾರ್ತಿ ಯೋಚಿಸಿ, ಓದಿದಳೋ ಇಲ್ಲವೋ ನಮಗೇ ಗೊತ್ತಿಲ್ಲ, ಅವಳ ಅಕ್ಕನಿಗೆ ಈಗಲೇ ಹೇಳಿ ನಿದ್ದೆಗೆಡಿಸಬೇಕೇ ಎಂದು ಕೇಳಿದ್ದರು. ಅದು ತಪ್ಪಿಸಿಕೊಳ್ಳುವ ಮಾತಾಗಿರಲಿಲ್ಲ. ಅಕ್ಕತಂಗಿ ಆವತ್ತು ಎಂಟು ತಿಂಗಳ ಮೇಲೆ ಒಟ್ಟಿಗೆ ಮೆಟ್ಟಿಲಿಳಿದು ಹೋಗಿದ್ದರು. ಕತ್ತರಿ ನಾಲ್ಕು ದಿನ ಹೇಳದೆ ಇದ್ದಳು. ಹೇಳದಿದ್ದರೆ ವ್ಯಾನಕ್ಕನಿಗೆ ನೆಮ್ಮದಿ, ತನಗೂ ನೆಮ್ಮದಿ. ಎರಡೂ ಒಟ್ಟಿಗೆ ಬಂದದ್ದರಿಂದ ಅವಳಿಗೆ ಅದರ ಮೇಲೆ ನಂಬಿಕೆ ಬರಲಿಲ್ಲ. ಗಂಡನ ಮುಂದೆ ಹೇಳಿಕೊಂಡಾಗ ಅವನು ಬ್ರಷ್ ತೊಳೆಯುತ್ತ, "ನೀನು ಒಂದು ಸಲ ಸರಿಮಾಡ್ತೀನಿ ಅಂದೆ, ಆಗಲಿಲ್ಲ. ಆಗಲಿಲ್ಲ ಅಂತ ಅವರಿಗೆ ಗೊತ್ತಿರಬೇಕಲ್ವಾ?" ಎಂದ. ಎಂದಿನಂತೆ ಛೇಡಿಸಲಿಲ್ಲ.

ಐದನೆಯ ದಿನ ಶಾಲೆ ಬಿಡುವ ಮುಂಚೆ ಕತ್ತರಿ ವ್ಯಾನುಗಳು ನಿಲ್ಲುವ ಜಾಗಕ್ಕೆ ಹೋದಳು. ವ್ಯಾನಕ್ಕ ಸೀಟುಗಳ ನಡುವೆ ಪೊರಕೆ ಹಿಡಿದಿದ್ದಳು. ಒಂದು ಸಾಕ್ಸು, ಎರಡು ಪೆನ್ಸಿಲ್ಲು ಡ್ಯಾಶ್‌ಬೋರ್ಡಿನ ಮೇಲೆ ಕೂತಿದ್ದವು. ಕತ್ತರಿ ಮೆಟ್ಟಿಲ ಮೇಲೇ ನಿಂತು, ಎಲ್ಲವನ್ನೂ ಹೇಳಿದಳು. ಕರೆಂಟು ಹೋದದ್ದು, ಸೊನ್ನೆಗಳು ಇಳಿಯದಿದ್ದದ್ದು, ಆ ಹಾಳೆ ತಂಗಿಯ ಕೈಯಲ್ಲಿ ಇದ್ದದ್ದು, ಎಷ್ಟು ಹೊತ್ತು ಎಂದು ತನಗೆ ಖಚಿತವಿಲ್ಲದ್ದು. ಈಗ ಸರಿಯಾಗಿದೆ ಎಂದು ಕೊನೆಗೆ ಸೇರಿಸಿದಳು. ಆ ಮಾತು ಅವಳಿಗೇ ಸಣ್ಣದಾಗಿ ಕೇಳಿಸಿತು.

ವ್ಯಾನಕ್ಕ ಪೊರಕೆಯನ್ನು ಸೀಟಿಗೆ ಒರಗಿಸಿ ಕೂತಳು. ಬೈಯುತ್ತಾಳೆಂದು ಕತ್ತರಿ ಕಾದಳು. ಬೈದಿದ್ದರೆ ಒಳ್ಳೆಯದಿತ್ತು.

"ನೀವು ಓದಿದ್ರಾ ಅದನ್ನ?" ಎಂದು ಕೇಳಿದಳು ಕೊನೆಗೆ.

"ಕೈಗೆ ತಗೊಂಡಾಗ ಮೊದಲ ಸಾಲು ಕಣ್ಣಿಗೆ ಬಿತ್ತು. ಮುಂದಕ್ಕೆ ಓದಲಿಲ್ಲ. ಹರಿದುಹಾಕಿದೆ."

"ಮೊದಲ ಸಾಲು ಅಷ್ಟು ಕೆಟ್ಟದಲ್ಲ," ಎಂದಳು ವ್ಯಾನಕ್ಕ. "ಆವತ್ತಿಂದ ಬೆಳಿಗ್ಗೆ ನನಗೂ ಟೀ ಮಾಡಿ ಇಡ್ತಿದಾಳೆ. ಮುಚ್ಚಿಟ್ಟು ಹೋಗ್ತಾಳೆ. ಮಾತು ಜಾಸ್ತಿ ಇಲ್ಲ. ನಾನು, ಮಾತಾಡಿದ್ದಕ್ಕೆ ಮನಸ್ಸು ತಿಳಿಯಾಯ್ತು ಅಂದ್ಕೊಂಡಿದ್ದೆ. ಈಗ ನೀವು ಹೇಳಿದ ಮೇಲೆ, ಓದಿ ಕನಿಕರಕ್ಕೆ ಮಾಡ್ತಿದಾಳೋ ಏನೋ."

"ಕೇಳ್ತೀರಾ ಅವಳನ್ನ?"

"ಏನಂತ ಕೇಳಲಿ? ಕೇಳಿದ್ರೆ, ಅಲ್ಲಿ ಏನೋ ಇತ್ತು ಅಂತ ನಾನೇ ಹೇಳಿದ ಹಾಗಾಗಲ್ವಾ."

ಶಾಲೆಯ ಗಂಟೆ ಹೊಡೆಯಿತು. ವ್ಯಾನಕ್ಕ ಎದ್ದು ಪೊರಕೆಯನ್ನು ಸೀಟಿನ ಕೆಳಕ್ಕೆ ತಳ್ಳಿದಳು. ಕತ್ತರಿ ಇಳಿದು ದಾರಿ ಬಿಟ್ಟಾಗ, ಹೇಳದೆ ಇದ್ದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲವಲ್ಲ ಎಂದಳು. ಅದು ಮೆಚ್ಚುಗೆಯೋ ದೂರೋ ಎಂದು ಕತ್ತರಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಮಕ್ಕಳು ಓಡಿಬಂದವು.

ಅಕ್ಕತಂಗಿಯರು ಕೇಂದ್ರಕ್ಕೆ ಇನ್ನೂ ಮೂರು ಸಲ ಬಂದರಂತೆ, ಮೂರು ಸಲವೂ ಒಟ್ಟಿಗೆ. ಹೊಸ ಪ್ರೋಗ್ರಾಮಿನಲ್ಲಿ ಮತ್ತೆ ಅಳಿಸಿದ ಮೇಲೆ ಆರನೆಯ ಪುಟದ ಕೆಳಗಿನ ಅರ್ಧ ಖಾಲಿಯಾಗಿಯೇ ಅಚ್ಚಾಯಿತು. ಇಬ್ಬರೂ ಆ ಪುಟಕ್ಕೂ ಸಹಿ ಮಾಡಿದರು. ಉಳಿದ ಹನ್ನೊಂದು ಕಡೆಗಳಲ್ಲಿ, ನಾಲ್ಕು ವರ್ಷಗಳಲ್ಲಿ, ಯಾರ ಯಾವ ಮಾತು ಎಲ್ಲಿ ಹೊರಬಿದ್ದಿತ್ತು ಎಂಬುದನ್ನು ಪತ್ತೆ ಮಾಡಲು ಆಗಲಿಲ್ಲ. ಕಾಗದಕ್ಕೆ ಉತ್ತರ ಬರೆದವರು ಇಬ್ಬರೇ. ಇಬ್ಬರೂ ತಮ್ಮಲ್ಲಿ ಹಾಗೇನೂ ಕಂಡಿಲ್ಲ ಎಂದರು. ಆ ಮಧ್ಯಾಹ್ನ ಕಿಟಕಿಯ ಬೆಳಕಿನಲ್ಲಿ ತಂಗಿ ಆ ಏಳು ಸಾಲು ಓದಿದಳೋ, ಬರೀ ಹಾಳೆ ಜೋಡಿಸಿಕೊಂಡಳೋ, ಓದಿಯೂ ಓದದವಳಂತೆ ಇದ್ದುಬಿಟ್ಟಳೋ, ಅದೂ ಗೊತ್ತಿಲ್ಲ. ಅಕ್ಕ ಕೇಳಲಿಲ್ಲ, ತಂಗಿ ಹೇಳಲಿಲ್ಲ. ತಿಳಿದುಕೊಳ್ಳಲು ಬೇರೆ ದಾರಿ ಇಲ್ಲ.